ಸೋದರತ್ತೆ ನುಂಗದ ಸೈಕಲ್ಲು

ಎರಡು ಟವೆಲುಗಳನ್ನು ಮುಂದಿಟ್ಟು ಆರಿಸಿಕೋ ಎಂದರೆ ನನ್ನ ಕೈ ತಾನಾಗಿ ಹೆಚ್ಚು ಬೆಲೆಯದರ ಮೇಲೆ ಹೋಗುತ್ತದೆ. ನೂಲಿನ ಗುಣ ನನಗೆ ಗೊತ್ತಾಗುವುದಿಲ್ಲ, ಬೆಲೆಯಾದರೆ ಗೊತ್ತಾಗುತ್ತದೆ. ಮೇಷ್ಟ್ರ ಸಂಬಳದವನಿಗೆ ಈ ಚಟ ಒಳ್ಳೆಯದಲ್ಲವೆಂದು ಮಳವಳ್ಳಿಯ ಅಂಗಡಿಯವರು ಯಾರೂ ನನಗೆ ಹೇಳಲಿಲ್ಲ. ಹೇಳಲು ಅವರಿಗೇನು ಹುಚ್ಚೇ?

ಈ ಚಟ ನನ್ನೊಬ್ಬನದೇ ಅಲ್ಲ ಬಿಡಿ. ಹಿಂದಿನ ಪಂಡಿತರು ರಾಜರಿಗೆ ಚಿನ್ನದ ಭಸ್ಮ, ಮುತ್ತಿನ ಭಸ್ಮ ತಿನ್ನಿಸಿದರು. ನಮ್ಮಂಥವರಿಗೆ ಶುಂಠಿ, ಮೆಣಸು. ರಾಜರೂ ಸತ್ತರು, ನಮ್ಮಂಥವರೂ ಸತ್ತರು. ದುಬಾರಿ ಮದ್ದಿಗೆ ಕಾಯಿಲೆ ಹೆದರುತ್ತದೆ ಎಂಬ ನಂಬಿಕೆ ಮಾತ್ರ ಗಟ್ಟಿಮುಟ್ಟಾಗಿ ಬದುಕಿಕೊಂಡಿತು.

ಎರಡನೇ ಮಹಾಯುದ್ಧ ನಡೆಯುತ್ತಿದ್ದಾಗಿನ ಒಂದು ಚಳಿಗಾಲದಲ್ಲಿ ಈ ನಂಬಿಕೆ ನನ್ನ ಸೋದರತ್ತೆಯ ಪ್ರಾಣಕ್ಕೇ ಸಂಚಕಾರ ತಂದಿತು. ತಾಯಿಯಿಲ್ಲದ ನನ್ನನ್ನು ಸಾಕಿದವಳು ಆಕೆ, ಸಿದ್ದಮ್ಮತ್ತೆ. ಕಿರುಗಾವಲಿಗೆ ಯಾರದೋ ಮದುವೆಗೆ ಹೋಗಿ ಬಂದವಳು ಚಳಿಜ್ವರ ಹಿಡಿದು ಮಲಗಿದಳು. ಉಸಿರೆಳೆದರೆ ಪಕ್ಕೆ ಚುಚ್ಚುತ್ತಿತ್ತು. ಸರ್ಕಾರಿ ಆಸ್ಪತ್ರೆಯ ಡಾಕ್ಟರು ಎದೆ ಪರೀಕ್ಷೆ ಮಾಡಿ ನ್ಯುಮೋನಿಯಾ ಎಂದರು. ಆಗ ಹೊಸದಾಗಿ ಬಂದಿದ್ದ ಸಲ್ಫಾ ಮಾತ್ರೆ ಬರೆದುಕೊಟ್ಟು, "ವಿಲಾಯ್ತಿಯದೂ ಸಿಗುತ್ತೆ, ಬೊಂಬಾಯಿಯದೂ ಸಿಗುತ್ತೆ. ಮದ್ದು ಒಂದೇ. ಯಾವುದಾದರೂ ತನ್ನಿ, ಆದರೆ ಪೂರ್ತಿ ನುಂಗಿಸಿ. ನಡುವೆ ಬಿಟ್ಟರೆ ಜೀವಕ್ಕೆ ಅಪಾಯ" ಎಂದರು.

ಮದ್ದು ಒಂದೇ ಎಂದದ್ದು ನನ್ನ ಕಿವಿಗೆ ಬಿತ್ತು, ತಲೆಗೆ ಹೋಗಲಿಲ್ಲ. ಔಷಧದಂಗಡಿಯಲ್ಲಿ ವಿಲಾಯ್ತಿ ಡಬ್ಬಿಗೆ ಬೊಂಬಾಯಿಯದರ ನಾಲ್ಕರಷ್ಟು ಬೆಲೆ. ಬಾಂಬುಗಳನ್ನು ತಪ್ಪಿಸಿಕೊಂಡು ಸಮುದ್ರ ದಾಟಿ ಬಂದ ಮಾತ್ರೆಗೆ ಒಂದು ಜ್ವರ ಯಾವ ಲೆಕ್ಕ! ನನ್ನ ಸೈಕಲ್ಲನ್ನು ರಿಪೇರಿ ಅಂಗಡಿಯ ಖಾದರ್ ಸಾಬರಿಗೆ ಮಾರಿ, ಥಳಥಳ ಹೊಳೆಯುವ ಆ ಡಬ್ಬಿಯನ್ನೇ ತಂದೆ.

ಜ್ವರ ಬೇಗನೆ ಇಳಿಯಿತು. ನಾನು ಬೀಗಿದೆ. ಅತ್ತೆಗೆ ಮಾತ್ರೆ ತಾನೇ ನುಂಗಲು ಹೇಳಿ ಸ್ಕೂಲಿಗೂ ಹೋಗತೊಡಗಿದೆ. ಡಬ್ಬಿ ಖಾಲಿಯಾಗುವ ಹೊತ್ತಿಗೆ ಜ್ವರ ಮತ್ತೆ ಏರಿತು, ಮೊದಲಿಗಿಂತ ಜೋರಾಗಿ. ಅತ್ತೆ ಯಾರ್ಯಾರನ್ನೋ ಕರೆದು ಕನವರಿಸತೊಡಗಿದಳು. ಮಾರಲು ನನ್ನ ಹತ್ತಿರ ಇನ್ನೊಂದು ಸೈಕಲ್ಲಿರಲಿಲ್ಲ. ಇವಳು ಉಳಿಯುವುದಿಲ್ಲ ಎಂದುಕೊಂಡೇ, ಕಣ್ಣೊರೆಸಿಕೊಳ್ಳುತ್ತಾ ಬೊಂಬಾಯಿ ಮಾತ್ರೆ ತಂದೆ. ಎಚ್ಚರವಾದಾಗ ಅತ್ತೆ ಮೊದಲು ಕೇಳಿದ್ದು ಬೆಲೆಯನ್ನು. ಹೇಳಿದೆ.

"ಅಷ್ಟೇಯಾ? ಅಂಗಾದ್ರೆ ಕೊಡು ಇತ್ಲಾಗೆ" ಎಂದಳು.

ಕಡಲೆಪುರಿ ತಿಂದಂತೆ ನಿರಾಳವಾಗಿ, ಒಂದು ಹೊತ್ತೂ ತಪ್ಪಿಸದೆ ಅಷ್ಟನ್ನೂ ನುಂಗಿ ಮುಗಿಸಿದಳು. ಜ್ವರ ಬಿಟ್ಟಿತು, ಪಕ್ಕೆ ನೋವೂ ಹೋಯಿತು. ಎದ್ದು ಕೂತು ಮುದ್ದೆ, ಸೊಪ್ಪಿನ ಸಾರು ಬೇಕೆಂದಳು. ಉಂಡು ಕೈತೊಳೆದವಳೇ ಗೂಡಿನಿಂದ ಅರಿಶಿನದ ಭರಣಿ ತೆಗೆದು ನನ್ನ ಮುಂದಿಟ್ಟಳು. ಒಳಗೆ ಆ ಡಬ್ಬಿಯ ಅರ್ಧಕ್ಕರ್ಧ ವಿಲಾಯ್ತಿ ಮಾತ್ರೆಗಳು, ಎಲ್ಲವೂ ಹಳದಿ.

"ಯಾಕತ್ತೆ ನುಂಗಲಿಲ್ಲ?" ಎಂದೆ. ಸಿಟ್ಟು ಬಂದಿತ್ತು.

"ಜ್ವರ ಬುಡ್ತು, ಎದ್ದು ನೋಡಿದ್ರೆ ಜಗಲಿ ಮ್ಯಾಲೆ ಸೈಕಲ್ಲಿಲ್ಲ. ಮಾತ್ರೆಗೋಸ್ಕರ ಮಾರ್ಬುಟ್ಟ ಅಂದ್ರು. ನಿನ್ನ ಸೈಕಲ್ಲ ನುಂಗಾಕಾಯ್ತದೇನ್ಲಾ ನನ್ ಕೈಲಿ? ಓಗು, ಇದ ಸಾಬ್ರಿಗೆ ಕೊಟ್ಟು ಸೈಕಲ್ಲ ಬುಡುಸ್ಕೊಂಡ್ ಬಾ."

ಅರಿಶಿನ ಹತ್ತಿದ ಮಾತ್ರೆಗೆ ಸೈಕಲ್ಲು ಕೊಡುವವರು ಮಳವಳ್ಳಿಯಲ್ಲಿ ಯಾರಿದ್ದಾರೆ? ಸ್ಕೂಲಿಗೆ ನಾನು ಈಗ ನಡೆದೇ ಹೋಗುತ್ತೇನೆ. ಟವೆಲು ಕೊಳ್ಳಲು ಹೋದರೆ ಕೈ ಈಗಲೂ ದುಬಾರಿಯದರ ಮೇಲೆಯೇ ಹೋಗುತ್ತದೆ, ಚಟವಲ್ಲವೇ. ಆದರೆ ಅತ್ತೆಗೆಂದು ಏನೇ ತಂದರೂ ಬೆಲೆಯಲ್ಲಿ ಕಾಲುಭಾಗ ಮಾತ್ರ ಹೇಳುತ್ತೇನೆ. ನಿಜ ಹೇಳಿದರೆ ಅವಳು ಅದನ್ನು ನನಗೆಂದು ಎತ್ತಿಟ್ಟುಬಿಡುತ್ತಾಳೆ.