ಕುಂಕುಮವಿಲ್ಲದ ಬಕೆಟ್

ಎಂಬತ್ತರ ದಶಕದಲ್ಲಿ ಹೊಸೂರಿನ ಕಾರ್ಖಾನೆಯೊಂದರಲ್ಲಿ ನಾನು ಸೂಪರ್‌ವೈಸರ್ ಆಗಿದ್ದೆ. ಬೆಂಕಿ ಆರಿಸಲೆಂದು ಗೋಡೆಗೆ ತೂಗುಹಾಕಿದ್ದ ಕೆಂಪು ಮರಳು ಬಕೆಟ್‌ಗಳಿಗೂ ಕೆಲಸಗಾರರು ಆಯುಧಪೂಜೆಯಂದು ಕುಂಕುಮ ಹಚ್ಚುತ್ತಿದ್ದರು. ನನ್ನ ಕೋಣೆಯ ಬಾಗಿಲಲ್ಲಿದ್ದ ಬಕೆಟ್ಟಿಗೆ ಮಾತ್ರ ಬೇಡವೆಂದಿದ್ದೆ. ಅದು ದೇವರಲ್ಲ, ಸಲಕರಣೆ.

ಒಂದು ಮಧ್ಯಾಹ್ನ ಎಣ್ಣೆಬಟ್ಟೆಗಳ ರಾಶಿಗೆ ಬೆಂಕಿ ಹತ್ತಿತು. ಡೆಂಕಣಿಕೋಟೆ ಕಡೆಯ ಕೆಲಸಗಾರನೊಬ್ಬ ಕುಂಕುಮದ ಬಕೆಟ್ಟಿನ ಮುಂದೆ ಚಪ್ಪಲಿ ಬಿಟ್ಟು, ಅದನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು, ಆಮೇಲೆ ಮರಳು ಸುರಿದ. ಬೆಂಕಿ ಆರಿತು.

"ಉರೀತಿರುವಾಗ ಚಪ್ಪಲಿ ಬಿಡ್ತಾ ನಿಂತ್ಯಲ್ಲಯ್ಯ. ನನ್ನ ಬಾಗಿಲ ಹತ್ರದ ಬಕೆಟ್ ತರೋಕೇನಾಗಿತ್ತು?" ಎಂದು ರೇಗಿದೆ.

"ಮೊದ್ಲು ಅಲ್ಗೇ ಓಗಿದ್ದೆ ಸಾರ್," ಎಂದ.

ಹೋಗಿ ನೋಡಿದೆ. ತಳದಲ್ಲಿ ಒಂದಿಷ್ಟು ಮರಳು, ಮೇಲೆಲ್ಲ ಸಿಗರೇಟು ತುಂಡು. ಕಾರ್ಖಾನೆಯಲ್ಲಿ ಮಿಕ್ಕವರೆಲ್ಲ ಬೀಡಿ ಸೇದುತ್ತಿದ್ದರು. ಸಿಗರೇಟು ಸೇದುತ್ತಿದ್ದವನು ನಾನೊಬ್ಬನೇ.