ಸೂಟು ಹಾಕಿಕೊಂಡು ಅಪ್ಪನಾಗಲು ಹೊರಟವನು

ಕಳೆದ ವಾರ ನಾನೂ ನನ್ನ ಹೆಂಡತಿ ಸುಧಾಳೂ ರಜೆ ಹಾಕಿ ಜರ್ಮನ್ ರಾಯಭಾರ ಕಚೇರಿಗೆ ಹೋದೆವು. ಸಾಕ್ಷಿ ಹೇಳಲು. (ಗಾಬರಿಯಾಗಬೇಡಿ, ಕೊಲೆ ಕೇಸಲ್ಲ.) ಕುವೈತಿನ ಸಾಲ್ಮಿಯಾದಲ್ಲಿ ನಮ್ಮ ಕಟ್ಟಡದಲ್ಲೇ ಇರುವ ರೋಶನ್, ತನ್ನ ಮಗಳಿಗೆ ತಾನೇ ಅಪ್ಪ ಎಂದು ಅಲ್ಲಿ ಹೇಳಬೇಕಿತ್ತು.

ಮಗಳು ಇರುವುದು ಜರ್ಮನಿಯಲ್ಲಿ. ಅವಳಮ್ಮ ಶರ್ಮಿಳಾ ಮೊದಲು ಇಲ್ಲೇ ನರ್ಸ್. ಅವಳೂ ರೋಶನ್ನೂ ಮಂಗಳೂರು ಕಡೆಯ ಕೊಂಕಣಿ ಕ್ರಿಶ್ಚಿಯನ್ನರು. ಮದುವೆಯ ಯೋಚನೆಯಲ್ಲಿರುವಾಗಲೇ ಅವಳಿಗೆ ಅಲ್ಲಿ ಕೆಲಸ ಸಿಕ್ಕಿತು. ಹೋದ ಮೇಲೆ ಬಸುರಿ ಎಂದು ತಿಳಿಯಿತು. ಸುದ್ದಿ ಕೇಳಿದ ಇವನ ಬಾಯಿಂದ ಬಂದ ಮೊದಲ ಮಾತು, "ಸದ್ಯಕ್ಕೆ ಯಾರಿಗೂ ಹೇಳ್ಬೇಡ."

ಊರಲ್ಲಿ ಅಮ್ಮ, ಇಲ್ಲಿ ಮದುವೆಯಾಗದೆ ಮಗುವಾದರೆ ಜೈಲಿಗೆ ಕಳಿಸುವ ಕಾನೂನು. ಹೆದರಿಕೆಗೆ ಕಾರಣವಿತ್ತು, ಒಪ್ಪೋಣ. ಆದರೆ ಶರ್ಮಿಳಾ ಅಂದಿನಿಂದ ಇವನಿಗೂ ಹೆಚ್ಚೇನೂ ಹೇಳಲಿಲ್ಲ. ಮಗು ಹುಟ್ಟಿದಾಗ ಅಪ್ಪನ ಹೆಸರಿನ ಜಾಗ ಖಾಲಿ ಉಳಿಯಿತು.

ಅವಳು ಕಳಿಸಿದ್ದು ಒಂದೇ ಫೋಟೋ. ಮುಷ್ಟಿ ಬಿಗಿದು ಮಲಗಿದ ಕೂಸು. ಆಫೀಸಿನಲ್ಲಿ ಯಾರಿಗೂ ತೋರಿಸುವಂತಿಲ್ಲ. ಹಾಗಾಗಿ ನಮ್ಮ ಮನೆಗೆ ಬಂದು ತೋರಿಸುತ್ತಿದ್ದ. "ಎತ್ತಿದ್ರೆ ಎಷ್ಟು ಭಾರ ಇರ್ಬಹುದಕ್ಕ?" ಎಂದು ಸುಧಾಳನ್ನು ಕೇಳುತ್ತಿದ್ದ. ಪ್ರತಿ ಸಲವೂ ಅದೇ ಪ್ರಶ್ನೆ.

ಆ ದಿನ ಸೂಟು, ಟೈ ಹಾಕಿ ಬಂದ. ಕೈಯಲ್ಲಿ ಕೇಕ್ ಡಬ್ಬ. "ರಿಜಿಸ್ಟರ್ ಮದುವೆಗೆ ಸಾಕ್ಷಿ ಬೇಕಲ್ವಾ ಸರ್, ಇದಕ್ಕೂ ಬೇಕಾಗ್ತದೆ." ನಮ್ಮ ಜನ ಸಹಿ ಹಾಕಲೂ ದಿಬ್ಬಣ ಕಟ್ಟಿಕೊಂಡು ಹೋಗುತ್ತಾರೆ, ನೋಡಿ.

ಅಧಿಕಾರಿಣಿ ನಕ್ಕರು. ಸಾಕ್ಷಿ ಬೇಡ, ಡಿಎನ್‌ಎ ಟೆಸ್ಟೂ ಬೇಡ, ನೀವು ಹೇಳಿದರೆ ಸಾಕು ಎಂದರು. ಆದರೆ ತಾಯಿ ಒಪ್ಪಬೇಕು. ಅವಳು ಅಲ್ಲಿ ಒಪ್ಪಿ ಸಹಿ ಹಾಕದಿದ್ದರೆ ಇದು ನಡೆಯುವುದಿಲ್ಲ.

ರೋಶನ್ ಮುಖ ಇಳಿದುಹೋಯಿತು. ಕುವೈತಿನಲ್ಲಿ ನಮ್ಮ ಮಕ್ಕಳ ಇಕಾಮಾ, ಅಂದರೆ ವಾಸದ ಪರವಾನಗಿ, ಅಪ್ಪನ ಹೆಸರಿನ ಮೇಲೆ, ಶಾಲೆಯಲ್ಲೂ ಅಪ್ಪನ ಸಹಿ. ಅಮ್ಮನನ್ನೂ ಕೇಳಬೇಕೆಂದು ನಮಗೆ ಯಾರಿಗಾದರೂ ಹೊಳೆದಿತ್ತೇ?

ಅಲ್ಲಿ ಕಾಗದ ತಳ್ಳಿ ಸಹಿ ಹಾಕಿಸುವುದಿಲ್ಲ. ಬರೆದದ್ದನ್ನೆಲ್ಲ ಜೋರಾಗಿ ಓದುತ್ತಾರೆ. ಜರ್ಮನ್‌ನಲ್ಲಿ ಓದಿ ಇಂಗ್ಲಿಷಿನಲ್ಲಿ ತಿಳಿಸಿದರು. ಈ ಮಗುವಿನ ತಂದೆ ನೀವೇ ತಾನೆ? "ಯೆಸ್" ಎಂದ. ಕೇಳದಿದ್ದರೂ ಇನ್ನೊಮ್ಮೆ ಹೇಳಿದ.

ಕಾರಿನಲ್ಲಿ ಕೂತು ಶರ್ಮಿಳಾಗೆ ಫೋನ್ ಮಾಡಿದ. ಮುಚ್ಚಿದ ಕಾರಿನಲ್ಲಿ ಆ ಕಡೆಯ ಮಾತೂ ನಮಗೆ ಕೇಳುತ್ತಿತ್ತು. (ನೆರೆಯವರ ಪುಣ್ಯ, ಕೊಂಕಣಿ ನನಗೆ ಅಷ್ಟಿಷ್ಟು ಅರ್ಥವಾಗುತ್ತದೆ.)

"ಯಾರ ಎದುರು ಹೇಳಿದಿ?"

"ಆಫೀಸರ್ ಎದುರು. ಸರ್, ಅಕ್ಕ ಕೂಡ ಇದ್ರು."

"ನಿನ್ನ ಮಮ್ಮಿಗೆ?"

ಇವನು ಟೈ ಸಡಿಲಿಸಿದ. "ಮಮ್ಮಿಗೆ ಹೇಳು. ನಾಳೆಯೇ ಹೋಗಿ ಸಹಿ ಹಾಕ್ತೇನೆ," ಎಂದಳು. ಕೋಪದ ದನಿಯಲ್ಲ. ಕಾದು ಕಾದು ಸೋತ ದನಿ. ಹಿಂದೆ ಮಗು ಏನೋ ಗೊಣಗುತ್ತಿತ್ತು. ಅವಳು ಫೋನ್ ಇಟ್ಟ ಮೇಲೂ ರೋಶನ್ ತನ್ನದನ್ನು ಕಿವಿಯಿಂದ ತೆಗೆಯಲಿಲ್ಲ.

ಆಮೇಲೆ ಊರಿನ ನಂಬರ್ ಒತ್ತಿದ. ನಾವು ಕಾರಿನಿಂದ ಇಳಿಯಲು ಹೊರಟೆವು. "ಇಳೀಬೇಡಿ ಸರ್, ಕೂತ್ಕೊಳ್ಳಿ," ಎಂದ. ಕೂತೆವು. ಕೊನೆಗೂ ಸಾಕ್ಷಿಗಳಾದೆವು.

ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಮುಗಿಸಿದ. ಆ ಕಡೆಯಿಂದ ಅವನ ಅಮ್ಮ ಕೇಳಿದ್ದು ಒಂದೇ: "ಎತ್ತಿದ್ರೆ ಭಾರ ಉಂಟಾ ಮಗು?"

ಅಪ್ಪ ಎಂದು ಕಾನೂನು ಒಪ್ಪಿದರೂ, ಎತ್ತಿಕೊಂಡೇ ನೋಡದವನು ಅದಕ್ಕೆ ಏನೆಂದು ಉತ್ತರ ಹೇಳಬೇಕು?