ಹೆಸರು ಬೇಡದ ಫಾರಂ

ನಮ್ಮ ಮನೆಯವರು ಮೂವತ್ತೊಂದು ವರ್ಷ ಮನೆ ಮನೆಗೆ ಹೋಗಿ ಕರೆಂಟ್ ಮೀಟರ್ ಓದಿದವರು. ಅವರ ನಿಜವಾದ ಹೆಸರು ನನಗೊಬ್ಬಳಿಗೆ ಬಿಟ್ಟರೆ ಊರಲ್ಲಿ ಯಾರಿಗೂ ನೆನಪಿಲ್ಲ. ಎಲ್ಲರಿಗೂ ಅವರು ಮೀಟರಣ್ಣ. ಬೀಗ ಹಾಕಿದ ಮನೆ ಸಿಕ್ಕರೆ ಉಳಿದವರು ಅಂದಾಜಿನಲ್ಲಿ ಒಂದು ಅಂಕಿ ಗೀಚಿ ಮುಂದೆ ಹೋಗುತ್ತಿದ್ದರು. ಇವರು ಮೂರು ಸಲ ಹೋಗುತ್ತಿದ್ದರು. ನಾಯಿ ಕಚ್ಚಿಸಿಕೊಂಡೂ ಹೋಗುತ್ತಿದ್ದರು. "ಮೀಟರ್ ಏನು ತೋರಿಸುತ್ತೋ ಅದನ್ನೇ ಬರೀಬೇಕು ಕಣೇ" ಎಂದು ನನಗೆ ಪಾಠ ಬೇರೆ. ಮಾಡಿಟ್ಟ ಅಡುಗೆ ಒಲೆಯ ಮೇಲೆ ತಣ್ಣಗಾಗುತ್ತಿದ್ದರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ನಮ್ಮೂರಿಗಾಗಿ ಎರಡು ದೇಶಗಳು ನಾನು ಹುಟ್ಟುವ ಮೊದಲಿನಿಂದ ಕಿತ್ತಾಡುತ್ತಿದ್ದವು. ಹೋದ ವರ್ಷ ದೊಡ್ಡವರೆಲ್ಲ ಎಲ್ಲೋ ಕೂತು ಸಹಿ ಹಾಕಿದರು, ನಾವು ಹೊಳೆಯಾಚೆಯವರ ಪಾಲಾದೆವು. ನಮ್ಮನ್ನು ಒಂದು ಮಾತು ಕೇಳಿದವರಿಲ್ಲ. ಬೆಳಗಾಗುವಷ್ಟರಲ್ಲಿ ಅಂಚೆ ಕಚೇರಿಯ ಬೋರ್ಡು ಬದಲಾಗಿತ್ತು, ಗಡಿಯಾರವನ್ನು ಅರ್ಧ ಗಂಟೆ ಮುಂದಕ್ಕೆ ತಿರುಗಿಸಬೇಕಾಯಿತು. ಶಾಲೆಯ ಪುಸ್ತಕಗಳೂ ಬದಲಾದವು. ನಮ್ಮ ಎದುರು ಮನೆಯ ಟೀಚರಮ್ಮ ಹಾಸಿಗೆ ಹಿಡಿದ ತಾಯಿಯನ್ನು ಒಬ್ಬರೇ ಸಾಕುತ್ತಿದ್ದವರು. ಸಂಜೆ ಬಂದು ನನ್ನ ಅಡುಗೆಮನೆಯ ಮೆಟ್ಟಿಲ ಮೇಲೆ ಕೂರುವರು.

"ಅಕ್ಕಾ, ಹೋದ ವಾರ ನಮ್ಮ ದೇಶ ಅಂದಿದ್ದನ್ನ ಈ ವಾರ ಪರದೇಶ ಅಂತ ಹೇಳ್ಕೊಡಬೇಕು. ಮಕ್ಕಳು ಸುಮ್ನೆ ನನ್ನ ಮುಖಾನೇ ನೋಡ್ತವೆ" ಎನ್ನುವರು.

ಅಷ್ಟರಲ್ಲಿ ಸುದ್ದಿ ಬಂತು, ಇಲ್ಲಿಯ ಜನ ಸುಖವಾಗಿದ್ದಾರೋ ಇಲ್ಲವೋ ನೋಡಲು ಎರಡೂ ದೇಶಕ್ಕೆ ಸೇರದ ಹೊರಗಿನವರು ಬರುತ್ತಾರಂತೆ. ಅದಕ್ಕೇ ಹೊಸ ಸರ್ಕಾರದ ಕಚೇರಿಯವರು ಜನಾಭಿಪ್ರಾಯ ಕೇಳಲು ಹೊರಟರು. ಫಾರಂನಲ್ಲಿ ಇರುವುದು ಒಂದೇ ಪ್ರಶ್ನೆ: ಹೊಸ ಆಡಳಿತ ನಿಮಗೆ ಒಪ್ಪಿಗೆಯೇ? ಕೆಳಗೆ ಮೂರು ಚೌಕ, ಹೌದು, ಇಲ್ಲ, ಹೇಳಲಾರೆ. ಹೆಸರು ಬೇಡ, ಸಹಿ ಬೇಡ. ಮೊದಲು ಅವರು ಕಳಿಸಿದ ಹುಡುಗರಿಗೆ ಯಾರೂ ಬಾಗಿಲನ್ನೇ ತೆಗೆಯಲಿಲ್ಲ. ಆಗ ಯಾರಿಗೋ ನಮ್ಮವರ ನೆನಪಾಯಿತು.

"ನಿವೃತ್ತಿಯಾಗಿ ಮನೇಲಿದ್ದೀರಿ, ಊರ ಉಸಾಬರಿ ನಿಮಗ್ಯಾಕೆ" ಎಂದೆ. ಕೇಳುವ ಪ್ರಾಣಿಯೇ ಅದು? ಹಳೆಯ ಚೀಲ ಕೊಡವಿ ಹೆಗಲಿಗೆ ಹಾಕಿಕೊಂಡರು. ಮೊದಲ ಫಾರಂ ನನ್ನದೇ. ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಂದೂ ನೋಡದವರ ಹಾಗೆ, "ತಮ್ಮ ಅಭಿಪ್ರಾಯ?" ಎಂದರು.

"ಗ್ಯಾಸ್ ಮುಗಿದು ಮೂರು ದಿನ ಆಯ್ತು. ಅದೇ ನನ್ನ ಅಭಿಪ್ರಾಯ" ಎಂದೆ. ಗಂಭೀರವಾಗಿ 'ಇಲ್ಲ' ಎಂಬಲ್ಲಿ ಗುರುತು ಹಾಕಿಕೊಂಡು ಹೋದರು.

ಜನ ಇವರಿಗೆ ಬಾಗಿಲು ತೆರೆದರು. ಮೂವತ್ತೊಂದು ವರ್ಷ ಒಳಗೆ ಬಂದು ಹೋದ ಮನುಷ್ಯನಲ್ಲವೇ. ಹೊರಗೆ ಬಾವುಟಕ್ಕೆ ಕೈ ಮುಗಿಯುತ್ತಿದ್ದವರು ಕೂಡ ಒಳಗೆ ಕೂರಿಸಿಕೊಂಡು ಮನಸ್ಸು ಬಿಚ್ಚಿ ಮಾತಾಡಿದರಂತೆ. ಟೀಚರಮ್ಮ ಮಾತ್ರ ಹೆದರಿದರು. "ನಂದು ಹೇಳಲಾರೆ ಅಂತ ಹಾಕ್ಕೊಳ್ಳಿ ಮೀಟರಣ್ಣ, ನಂಗ್ಯಾಕೆ" ಎಂದರು. ಪಕ್ಕದಲ್ಲಿ ನಾನಿದ್ದೆನಲ್ಲ, ಸುಮ್ಮನಿರಲಾಗದ ಬಾಯಿ.

"ಹೆಸರೇ ಇಲ್ಲ ಅಂದ್ಮೇಲೆ ಭಯ ಯಾಕೆ ಟೀಚರಮ್ಮ? ಬರೆಯೋರೂ ನಮ್ಮವರೇ. ಮನಸ್ಸಲ್ಲಿ ಇರೋದನ್ನ ಹೇಳಿ ಹಗುರಾಗಿ."

ಅವರು ಒಳಗೆ ಮಲಗಿದ್ದ ತಾಯಿಯ ಕಡೆ ಒಮ್ಮೆ ನೋಡಿ, "ಹಂಗಾದ್ರೆ ಇಲ್ಲ ಅಂತ ಬರ್ಕೊಳ್ಳಿ" ಎಂದರು. ನನ್ನ ಈ ನಾಲಿಗೆಗೆ ಬರೆ ಎಳೆಯಬೇಕು.

ಇನ್ನೂರ ಹನ್ನೆರಡು ಮನೆಗಳಲ್ಲಿ ನೂರ ನಲವತ್ತಮೂರು 'ಇಲ್ಲ' ಬಂದವು. ದಾರ ಸುತ್ತಿ ಕಟ್ಟು ಮಾಡಿ ಕಚೇರಿಗೆ ಕೊಟ್ಟು ಬಂದರು. ಹೊರಗಿನವರು ಬಂದರು, ಕಾರಿನಿಂದ ಇಳಿದು ಫೋಟೋ ತೆಗೆದುಕೊಂಡು ಹೋದರು. ಆ ಭಾನುವಾರ ರೇಡಿಯೋದಲ್ಲಿ ಹೇಳಿದರು, ನೂರಕ್ಕೆ ತೊಂಬತ್ತಾರು ಮಂದಿಗೆ ಹೊಸ ಆಡಳಿತ ಒಪ್ಪಿಗೆಯಿದೆ ಎಂದು. ನಮ್ಮವರು ಎದ್ದು ಹೋಗಿ ರೇಡಿಯೋ ಆರಿಸಿದರು.

"ನನ್ನ ಕಟ್ಟನ್ನ ಅವರು ಬಿಚ್ಚೇ ಇಲ್ಲ ಅನ್ಸುತ್ತೆ" ಎಂದರು. ನಾನೂ ಹಾಗೆಯೇ ತಿಳಿದೆ.

ಹದಿನೈದು ದಿನ ಕಳೆದು ಟೀಚರಮ್ಮನಿಗೆ ಕಚೇರಿಯಿಂದ ಕಾಗದ ಬಂತು. ಫಾರಂನಲ್ಲಿ ಕೊಟ್ಟ ಉತ್ತರದ ಬಗ್ಗೆ ವಿವರಣೆ ಕೊಡಬೇಕಂತೆ. ಅವರು ಅಷ್ಟೇನೂ ಗಾಬರಿಯಾಗಿರಲಿಲ್ಲ. "ಯಾರದ್ದೋ ಫಾರಂ ನಂದು ಅಂದ್ಕೊಂಡಿದ್ದಾರೆ. ನೀವು ಜೊತೇಲಿ ಬಂದು ಹೆಸರು ಬರ್ದಿಲ್ಲ ಅಂತ ಒಂದ್ಮಾತು ಹೇಳಿ, ಮೀಟರಣ್ಣ" ಎಂದು ಹೇಳಿ ತಾಯಿಗೆ ಔಷಧಿ ಕೊಡಲು ಹೋದರು. ನಮ್ಮವರು ಕಾಗದ ಹಿಡಿದು ನಿಂತೇ ಇದ್ದರು.

"ಮೂಲೇಲಿ ಮೀಟರ್ ನಂಬರ್ ಬರ್ದಿದ್ದೀನಿ ಕಣೇ."

"ಯಾವ ಫಾರಂಗೆ?"

"ಎಲ್ಲಾದಕ್ಕೂ. ಒಂದೇ ಮನೆಗೆ ಎರಡು ಸಲ ಹೋಗ್ಬಾರ್ದು ಅಂತ. ಕೈ ತಾನಾಗೇ ಬರ್ದುಬಿಡುತ್ತೆ."

ಕಾಗದ ಕೈಗೆ ಬಂದರೆ ಮೊದಲು ಬಲಮೂಲೆಯಲ್ಲಿ ಆ ಮನೆಯ ನಂಬರು, ಆಮೇಲೆ ಉಳಿದದ್ದು; ಮೂವತ್ತೊಂದು ವರ್ಷದ ರೂಢಿ. ಯಾವ ನಂಬರು ಯಾರ ಮನೆಯದು ಎನ್ನುವ ಪುಸ್ತಕವೂ ಈಗ ಅದೇ ಕಚೇರಿಯ ಕಪಾಟಿನಲ್ಲಿದೆ. ನನಗೆ ಅವರನ್ನು ಹಿಡಿದು ಅಲ್ಲಾಡಿಸಬೇಕು ಅನ್ನಿಸಿತು. ಆದರೆ ಟೀಚರಮ್ಮನ ಬಾಯಿ ಬಿಡಿಸಿದವಳು ನಾನೇ ಅಲ್ಲವೇ, ಯಾವ ಮುಖ ಇಟ್ಟುಕೊಂಡು ಬೈಯಲಿ?

ಕಚೇರಿಗೆ ಮೂವರೂ ಹೋದೆವು. ದಾರಿಯಲ್ಲಿ ನಮ್ಮವರು ಟೀಚರಮ್ಮನಿಗೆ ನಂಬರಿನ ವಿಷಯ ಹೇಳಿದರು. ಅವರ ನಡಿಗೆ ನಿಧಾನವಾಯಿತು. ಅಧಿಕಾರಿ ಚಿಕ್ಕ ವಯಸ್ಸಿನವನು, ಮರ್ಯಾದಸ್ಥ. ಕುರ್ಚಿ ತರಿಸಿದ.

"ನಿಮ್ಮಷ್ಟು ಅಚ್ಚುಕಟ್ಟಾಗಿ ಯಾರೂ ಮಾಡಿಲ್ಲ ಯಜಮಾನ್ರೇ. ನಮಗೆ ತುಂಬಾ ಅನುಕೂಲ ಆಯ್ತು" ಎಂದು ಟೀಚರಮ್ಮನ ಫಾರಂ ಮೇಜಿನ ಮೇಲಿಟ್ಟ.

ನಮ್ಮವರು ಎದ್ದು ನಿಂತರು. "ಸಾರ್, ಅದು ನನ್ನ ತಪ್ಪು. ಅವರು ಹೌದು ಅಂದಿದ್ರು, ನಾನು ಇಲ್ಲಕ್ಕೆ ಗುರುತು ಹಾಕ್ಬಿಟ್ಟೆ."

ಬಾಗಿಲು ಹಾಕಿದ ಮನೆಗೂ ಅಂದಾಜಿನ ಅಂಕಿ ಬರೆಯದ ಮನುಷ್ಯ.

"ಸರ್ಕಾರಿ ಫಾರಂನಲ್ಲಿ ಸುಳ್ಳು ಬರೆದ್ರೆ ಎರಡು ವರ್ಷ ಜೈಲು. ಗೊತ್ತಲ್ಲ?" ಎಂದ ಅಧಿಕಾರಿ, ಟೀಚರಮ್ಮನ ಕಡೆ ತಿರುಗಿದ. "ನೀವು ಹೇಳಿ. ಇವರು ತಪ್ಪು ಬರೆದ್ರಾ?"

ನಾನು ಕೂತಲ್ಲೇ ಸೆರಗು ಹಿಂಡುತ್ತಿದ್ದೆ. ಹೌದು ಎಂದರೆ ನನ್ನ ಗಂಡ ಜೈಲಿಗೆ ಹೋದರು, ಇಲ್ಲ ಎಂದರೆ ಟೀಚರಮ್ಮನ ಅನ್ನ ಹೋಯಿತು. ಹೌದು ಅನ್ನಲಿ ಎಂದು ಬೇಡಿಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

"ಇಲ್ಲ ಸಾರ್" ಎಂದರು ಟೀಚರಮ್ಮ. "ನಾನು ಹೇಳಿದ್ದನ್ನೇ ಬರ್ದಿದ್ದಾರೆ."

ಮರುದಿನದಿಂದ ಅವರು ಶಾಲೆಗೆ ಹೋಗುವ ಹಾಗಿರಲಿಲ್ಲ. ಕಚೇರಿಯಿಂದ ಮನೆಗೆ ನಡೆದು ಬಂದೆವು. ಅವರ ಬಾಗಿಲ ಹತ್ತಿರ ನನ್ನ ಕೈ ಹಿಡಿದು, "ಅಕ್ಕಾ, ನಂಬರಿನ ವಿಷಯ ಯಾರಿಗೂ ಹೇಳ್ಬೇಡಿ. ಈ ವಯಸ್ಸಲ್ಲಿ ಮೀಟರಣ್ಣನ ಮೇಲೆ ಯಾರಾದ್ರೂ ಕೈ ಮಾಡಿದ್ರೆ ನಂಗೆ ನೋಡಕ್ಕಾಗಲ್ಲ" ಎಂದರು. ಬಾಯಿಗೆ ಬಂದಂತೆ ಬೈದಿದ್ದರೆ ನಾವು ಹೇಗಾದರೂ ತಡೆದುಕೊಳ್ಳುತ್ತಿದ್ದೆವು.

ಆದರೆ 'ಇಲ್ಲ' ಎಂದ ಉಳಿದವರಿಗೂ ಒಬ್ಬೊಬ್ಬರಿಗೆ ಕಾಗದ ಬರುವುದು ಖಂಡಿತ. ಬರುವ ಮೊದಲೇ ಹೇಳಿಬಿಡಬೇಕು, ಕೊನೇಪಕ್ಷ ಒಂದು ಉತ್ತರವನ್ನಾದರೂ ಯೋಚಿಸಿಟ್ಟುಕೊಳ್ಳಲಿ ಎಂದು ನಮ್ಮವರು ದಿನಾ ಬೆಳಗ್ಗೆ ಹೊರಡುತ್ತಾರೆ. ಮಧ್ಯಾಹ್ನ ಬಂದು ಚಪ್ಪಲಿ ಬಿಡುತ್ತಾರೆ. ಇವತ್ತು ಟೈಲರ್ ಮನೆಗೆ ಹೋಗಿದ್ದರು.

"ಹೇಳಿದ್ರಾ?" ಎಂದೆ.

"ಕುರ್ಚಿ ಹಾಕಿ ಕೂರಿಸಿದ್ರು. 'ಇಡೀ ಊರಲ್ಲಿ ಈಗ ನಂಬಕ್ಕೆ ಅಂತ ಇರೋದು ನೀವೊಬ್ಬರೇ ಮೀಟರಣ್ಣ' ಅಂದ್ರು."

"ನೀವೇನಂದ್ರಿ?"

"ನೀರು ಕೊಟ್ರು. ಕುಡ್ದು ಬಂದೆ."